ಗುಡ್ಡದೊಳಗೆ ಕಾಣದೆ ಉಳಿದದ್ದು

ಭೌತಶಾಸ್ತ್ರದ ಸರ್ ನಮ್ಮ ಸ್ಟಾಟಿಸ್ಟಿಕ್ಸ್ ವಿಭಾಗದ ಬಾಗಿಲಲ್ಲಿ ಬಂದು ನಿಂತಾಗ ನಾನು ಇಂಟರ್ನಲ್ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ವಿಭಾಗವೆಂದರೆ ಎರಡು ಮೇಜು, ಒಂದು ಕಪಾಟು ಮತ್ತು ನಾನು. ಕುಂದಾಪುರದ ಆ ಕಾಲೇಜಿನಲ್ಲಿ ಓದಿ, ಅಲ್ಲೇ ಪಾಠಕ್ಕೆ ಸೇರಿದವಳು ನಾನು. ಸರ್ ನನಗೆ ಬಿ.ಎಸ್ಸಿ.ಯಲ್ಲಿ ಪಾಠ ಮಾಡಿದವರು. ಅವರ ಜೊತೆ ಕೆಲಸ ಮಾಡಲು ತೊಡಗಿ ಹತ್ತು ವರ್ಷವಾಗಿದ್ದರೂ ಅವರೆದುರು ಕುರ್ಚಿಯಿಂದ ಏಳುವ ಅಭ್ಯಾಸ ಹೋಗಿರಲಿಲ್ಲ.

"ಕೂಕೋ ಮಾರಾಯ್ತಿ," ಎಂದರು. "ನಂಗೊಂದ್ ಲೆಕ್ಕ ಬೇಕ್. ಪ್ರಯೋಗ ಶುರು ಮಾಡುಕಿಂತ ಮೊದ್ಲೇ ಬೇಕ್."

ನನಗೆ ಆಶ್ಚರ್ಯವಾಯಿತು. ನನ್ನ ಬಳಿ ಬರುವವರೆಲ್ಲ ಎಲ್ಲವನ್ನೂ ಅಳೆದು ಮುಗಿಸಿ, ಅಂಕಿಗಳನ್ನು ಹಾಳೆಯಲ್ಲಿ ತುಂಬಿಕೊಂಡು, ಇದರಿಂದ ಏನಾದರೂ ಹೇಳಲು ಬರುತ್ತದೆಯೇ ಎಂದು ಕೇಳಲು ಬರುವವರು. ಬಹಳ ಸಲ ಬರುವುದಿಲ್ಲ ಎಂದೇ ಹೇಳಿ ಕಳಿಸಿದ್ದೇನೆ. ಮೊದಲೇ ಬಂದವರು ಸರ್ ಒಬ್ಬರೇ.

ಅದಕ್ಕೆ ಕಾರಣ ಅವರ ಹರೆಯದಲ್ಲಿತ್ತು. ಕುಂಭಾಶಿಯಲ್ಲಿ ಅವರ ಅಣ್ಣಂದಿರೆಲ್ಲ ಅಡುಗೆ, ಪೂಜೆ ಎಂದು ನೆಲೆ ನಿಂತರೆ ಇವರೊಬ್ಬರೇ ದೂರದ ಗಣಿಯೊಂದರ ಆಳಕ್ಕೆ ಇಳಿದವರು. ಬೇರೆಲ್ಲೂ ಸಿಗದ ಒಂದು ಬಗೆಯ ಕಣಕ್ಕಾಗಿ ಅಲ್ಲಿ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನಿಟ್ಟು ಕಾಯುತ್ತಿದ್ದರಂತೆ.

"ನಾಕ್ ವರ್ಷ ಭೂಮಿ ಅಡಿಯಂಗೆ ಕೂಕಂಡಿದ್ದೆ," ಎಂದರು ಅವತ್ತು. "ಕೊನಿಗೆ ಸಿಕ್ಕದ್ದ್ ಬೆರಳಲ್ಲಿ ಎಣಿಸುವಷ್ಟ್ ಗೆರೆ. ಅದ್ ನಾವ್ ಹುಡ್ಕಿದ ಕಣದ್ದಾ, ಕಲ್ಲೊಳ್ಗಿಂದ ಸುಮ್ನೆ ಬಪ್ದಾ, ಹೇಳುಕೇ ಆಯ್ಲಿಲ್ಲೆ. ಸುಮ್ನೆ ಬಪ್ದ್ ಎಷ್ಟ್ ಅಂದೇಳಿ ಯಾರೂ ಮೊದ್ಲೇ ಅಳ್ದಿರ್ಲಿಲ್ಲೆ. ಪೆಟ್ಟಿಗಿ ಕಟ್ಟಿಯಾಯ್ತ್, ಲೆಕ್ಕ ಆಮೇಲೆ ಕಾಂಬ ಅಂದ್ರ್."

ಅದರ ನಂತರ ಅವರು ಊರಿಗೆ ಬಂದು ಮೇಷ್ಟರಾದರು. ಈಗ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಹಳೆಯ ಗೆಳೆಯರೊಬ್ಬರು ತಮ್ಮ ಸಂಸ್ಥೆಯಲ್ಲಿ ಬಳಕೆ ತಪ್ಪಿದ ಎರಡು ಹಲಗೆಗಳನ್ನು ಕಳಿಸಿಕೊಟ್ಟಿದ್ದರು. ಬಾಗಿಲಿನ ಅರ್ಧದಷ್ಟು ದೊಡ್ಡ ಪ್ಲಾಸ್ಟಿಕ್ ಹಲಗೆಗಳು. ಕಣವೊಂದು ಹಾದುಹೋದರೆ ಅವುಗಳೊಳಗೆ ಕಣ್ಣಿಗೆ ಕಾಣದಷ್ಟು ಮಂಕಾದ ಬೆಳಕು ಮಿಂಚುತ್ತದೆ. ಎರಡೂ ಹಲಗೆ ಒಂದೇ ಕ್ಷಣದಲ್ಲಿ ಮಿಂಚಿದರೆ ಯಂತ್ರ ಒಂದು ಎಂದು ಎಣಿಸುತ್ತದೆ.

ಎಣಿಸುವುದು ಮ್ಯುವಾನ್‌ಗಳನ್ನು. ಆಕಾಶದ ಮೇಲ್ಪದರದಲ್ಲಿ ಹುಟ್ಟಿ ಹಗಲು ರಾತ್ರಿ ಎನ್ನದೆ ನಮ್ಮ ಮೇಲೆ ಸುರಿಯುವ ಕಣಗಳು ಅವು. ಬೆರಳ ತುದಿಯಷ್ಟು ಜಾಗಕ್ಕೆ ನಿಮಿಷಕ್ಕೆ ಸುಮಾರು ಒಂದರಂತೆ ಬೀಳುತ್ತವೆ. ಹೆಂಚು, ತಾರಸಿ, ನಮ್ಮ ತಲೆ ಎಲ್ಲವನ್ನೂ ಹಾದುಹೋಗುತ್ತವೆ. ಗುಡ್ಡವನ್ನೂ ಹಾದುಹೋಗುತ್ತವೆ, ಆದರೆ ದಾರಿಯಲ್ಲಿ ಕಲ್ಲು ಹೆಚ್ಚಿದ್ದಷ್ಟೂ ಕಡಿಮೆಯಾಗುತ್ತಾ ಹೋಗುತ್ತವೆ. ಕಲ್ಲಿನ ನಡುವೆ ಎಲ್ಲಾದರೂ ಟೊಳ್ಳಿದ್ದರೆ ಆ ದಿಕ್ಕಿನಿಂದ ಮಾತ್ರ ತುಸು ಹೆಚ್ಚು ಬರುತ್ತವೆ. ಆ 'ತುಸು' ಸರ್‌ಗೆ ಬೇಕಾಗಿತ್ತು.

ಬೈಂದೂರಿನ ಹತ್ತಿರ ಗುಡ್ಡವೊಂದರ ಅರ್ಧ ಎತ್ತರದಲ್ಲಿ ಒಂದು ಮನೆಯಿತ್ತು. ಇಬ್ಬರು ಅಕ್ಕತಂಗಿಯರ ಮನೆ. ತಾಯಿಯಿಂದ ಬಂದ ಜಾಗ. ಅಕ್ಕನಿಗೆ ಅರವತ್ತರ ಹತ್ತಿರ, ತಂಗಿಗೆ ಐವತ್ತು ದಾಟಿತ್ತು. ಇಬ್ಬರೂ ಹೆದ್ದಾರಿಯ ಬದಿಯಲ್ಲಿ ಸಣ್ಣದೊಂದು ಊಟದ ಹೋಟೆಲು ನಡೆಸುತ್ತಿದ್ದರು. ಅಕ್ಕನ ಮಗಳು ಸರ್ ಬಳಿ ಓದಿದವಳು, ಈಗ ಮುಂಬಯಿಯಲ್ಲಿದ್ದಾಳೆ. ಅವಳೇ ಫೋನು ಮಾಡಿ ಹೇಳಿದ್ದು: ಹಿಂದಿನ ಮಳೆಗಾಲದಲ್ಲಿ ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ನೀರು ನಿಲ್ಲದೆ ಇಂಗಿ ಹೋಗುತ್ತಿತ್ತು, ಕೆಳಗಿನ ಗದ್ದೆಯಲ್ಲಿ ಕೆಂಪು ರಾಡಿಯಾಗಿ ಹೊರಬರುತ್ತಿತ್ತು. ಒನಕೆಯಿಂದ ನೆಲ ಕುಟ್ಟಿದರೆ ಒಳಗೆ ಖಾಲಿ ಇರುವ ಸದ್ದು. ಕೊರೆದು ನೋಡೋಣವೆಂದರೆ ಆ ದಾರಿಯಲ್ಲಿ ಬೋರ್‌ವೆಲ್ ಗಾಡಿ ಹತ್ತುವುದಿಲ್ಲ, ಹತ್ತಿದರೂ ಅದರ ಅಲುಗಾಟಕ್ಕೇ ನೆಲ ಕುಸಿದರೆ ಎಂಬ ಹೆದರಿಕೆ.

ಮನೆಗಿಂತ ಕೆಳಗೆ, ಬದಿಯಲ್ಲಿ, ಬಿಟ್ಟುಹೋದ ಕೆಂಪುಕಲ್ಲಿನ ಕೋರೆಯೊಂದಿತ್ತು. ಅದರ ಗುಂಡಿಯಲ್ಲಿ ಹಲಗೆಗಳನ್ನು ಓರೆಯಾಗಿ ನಿಲ್ಲಿಸಿದರೆ ಅವು ಮನೆಯ ಅಡಿಯ ನೆಲವನ್ನೇ ದಿಟ್ಟಿಸುತ್ತವೆ. ಮಳೆ ಹಿಡಿದರೆ ಗುಂಡಿ ತುಂಬುತ್ತದೆ. ಅಂದರೆ ಹೆಚ್ಚೆಂದರೆ ನಲವತ್ತು ದಿನ.

ನಾವಿಬ್ಬರೂ ಒಂದು ವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕೂತು ಆ ನಲವತ್ತು ದಿನಗಳನ್ನು ಹಂಚಿದೆವು.

"ಅನುಮಾನ ಇಪ್ಪ ದಿಕ್ಕಿಗೇ ಅಷ್ಟೂ ದಿನ ತಿರ್ಗ್ಸಿ ಇಟ್ರೆ ಆತಿಲ್ಯಾ?" ಎಂದು ಸರ್ ಕೇಳಿದರು.

"ಆತಿಲ್ಲೆ ಸರ್. ಜಾಸ್ತಿ ಬಂತ್ ಅಂದೇಳಿ ಹೇಳ್ಕಾರೆ, ಎಂತಕ್ಕಿಂತ ಜಾಸ್ತಿ ಅಂದೇಳಿ ಗೊತ್ತಾಯ್ಕಲ್ದಾ?"

ಅವರು ನಕ್ಕುಬಿಟ್ಟರು. ಗಣಿಯಲ್ಲಿ ತಪ್ಪಿದ್ದನ್ನೇ ಇಲ್ಲೂ ಮಾಡಲು ಹೊರಟಿದ್ದರು. ಕೊನೆಗೆ ಅರ್ಧ ದಿನಗಳನ್ನು ಮನೆಯ ದಿಕ್ಕಿಗೆ, ಉಳಿದರ್ಧವನ್ನು ಗುಡ್ಡದಲ್ಲಿ ಅಷ್ಟೇ ದಪ್ಪ ಕಲ್ಲಿರುವ, ಮೇಲೆ ಏನೂ ಇಲ್ಲದ ಇನ್ನೊಂದು ದಿಕ್ಕಿಗೆ ಎಂದು ನಿಶ್ಚಯಿಸಿದೆವು. ಗಾಳಿಯ ಒತ್ತಡ ಏರಿದ ದಿನ ಮ್ಯುವಾನ್‌ಗಳು ಕಡಿಮೆ ಬರುತ್ತವೆ. ಆದ್ದರಿಂದ ಮೊದಲ ಇಪ್ಪತ್ತು ದಿನ ಅಲ್ಲಿ, ಮುಂದಿನ ಇಪ್ಪತ್ತು ದಿನ ಇಲ್ಲಿ ಎಂದರೆ ಹವೆಯ ಬದಲಾವಣೆಯೇ ಟೊಳ್ಳಿನ ವೇಷ ಹಾಕಿ ಬರಬಹುದು. ಯಾವ ದಿನ ಯಾವ ದಿಕ್ಕು ಎಂದು ಚೀಟಿ ಎತ್ತಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ನಡುವೆ ಅಂಕಿ ನೋಡಿದರೆ ಮನಸ್ಸು ಒಂದು ಕಡೆ ವಾಲುತ್ತದೆ ಎಂದು ಯಂತ್ರದ ಪರದೆಗೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿದೆ. ಇಷ್ಟೆಲ್ಲ ಮಾಡಿದ ಹೆಮ್ಮೆ ನನಗಿತ್ತು.

ಒಂದು ಪ್ರಶ್ನೆ ಉಳಿದಿತ್ತು. ಎಷ್ಟು ಸಣ್ಣ ಟೊಳ್ಳನ್ನು ನಾವು ಕಾಣಬಲ್ಲವರಾಗಿರಬೇಕು? ಎಣಿಕೆ ಎಂದ ಮೇಲೆ ಏರಿಳಿತ ಇದ್ದೇ ಇರುತ್ತದೆ. ಆ ಏರಿಳಿತವನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ದಿನ ಎಣಿಸಬೇಕು, ಮೂರನೇ ಒಂದಕ್ಕೆ ಇಳಿಸಲು ಒಂಬತ್ತು ಪಟ್ಟು. ನಮ್ಮ ಹಲಗೆಗಳಿಗೆ, ನಮ್ಮ ನಲವತ್ತು ದಿನಕ್ಕೆ, ಒಂದು ಸಣ್ಣ ಕೋಣೆಯಷ್ಟು ದೊಡ್ಡ ಟೊಳ್ಳು ಕಾಣುತ್ತಿತ್ತು. ಅದಕ್ಕಿಂತ ಸಣ್ಣದು ಕಾಣುತ್ತಿರಲಿಲ್ಲ. 'ಕೋಣೆಯಷ್ಟು' ಎಂದು ಬರೆದೆ. ಸರ್ ತಲೆಯಾಡಿಸಿದರು. ಆ ಉತ್ತರವನ್ನು ನಾನು ಕ್ಯಾಲೆಂಡರಿನಿಂದ ತೆಗೆದಿದ್ದೆ. ಆ ಮನೆಯಲ್ಲಿ ಮಲಗುವ ಇಬ್ಬರನ್ನು ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಏಪ್ರಿಲ್ ಮೊದಲ ವಾರದಿಂದ ಸರ್ ದಿನವೂ ಬೆಳಗಿನ ಬಸ್ಸಿಗೆ ಬೈಂದೂರಿಗೆ ಹೋಗಿ, ಪಟ್ಟಿಯಲ್ಲಿದ್ದಂತೆ ಹಲಗೆ ತಿರುಗಿಸಿ, ಮತ್ತೆ ಕಾಲೇಜಿಗೆ ಬರುತ್ತಿದ್ದರು. ರಜೆ ಶುರುವಾದ ಮೇಲೆ ನಾನೂ ಬೀಜಾಡಿಯ ನನ್ನ ಮನೆಯಿಂದ ಹೊರಟು ಕೆಲವು ದಿನ ಅವರ ಜೊತೆ ಹೋದೆ. ಕೋರೆಯ ಗುಂಡಿಯಲ್ಲಿ ಗಾಳಿ ಆಡುತ್ತಿರಲಿಲ್ಲ. ಕೆಂಪು ಧೂಳು ಬೆವರಿಗೆ ಅಂಟಿ ಸರ್ ಅವರ ಪಂಚೆಯೆಲ್ಲ ಇಟ್ಟಿಗೆಯ ಬಣ್ಣವಾಗುತ್ತಿತ್ತು. ಹಲಗೆಯ ಕೋನವನ್ನು ಅವರು ಮೂರು ಸಲ ಅಳೆಯುತ್ತಿದ್ದರು.

ಅಕ್ಕ ಹೋಟೆಲಿಗೆ ಹೊರಡುವ ಮೊದಲು ಗುಂಡಿಯ ಅಂಚಿಗೆ ಬಂದು ನಿಂತು ಕೂಗುವರು: "ಹ್ವಾಯ್ ಸರ್, ಇವತ್ತಾರೂ ಎಂತಾರೂ ಕಂಡ್ತಾ?"

"ಇಲ್ಲೆ ಅಕ್ಕ. ಈಗಳ್ ಕಾಂಬುಕಿಲ್ಲೆ. ಟೀಚರ್ ಬಿಡ್ತಿಲ್ಲೆ," ಎಂದು ಸರ್ ನನ್ನ ಕಡೆ ಕೈ ತೋರಿಸುವರು.

ತಂಗಿ ಹೆಚ್ಚು ಮಾತಿನವರಲ್ಲ. ಒಮ್ಮೆ ಮಾತ್ರ ಮಜ್ಜಿಗೆ ತಂದುಕೊಟ್ಟು, ಹಲಗೆಯನ್ನೇ ನೋಡುತ್ತಾ ಕೇಳಿದರು: "ಇದ್ ನಮ್ ಮನಿ ಅಡಿಯನ್ನೇ ಕಾಣ್ತಾ ಇತ್ತಾ?" ಹೌದೆಂದೆ. "ಹಂಗಾರೆ ಒಳ್ಳೆದ್," ಎಂದು ಲೋಟ ತೆಗೆದುಕೊಂಡು ಹೋದರು.

ಕರೆಂಟು ಕೈಕೊಟ್ಟು ಒಂಬತ್ತು ದಿನ ವ್ಯರ್ಥವಾದವು. ಮೇ ಮಧ್ಯದಲ್ಲೇ ಗುಡುಗಿನ ಮಳೆ ಬಂದು ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಹಲಗೆಗಳನ್ನು ಹೊತ್ತು ಮೇಲೆ ತಂದೆವು. ನಮ್ಮ ಕೈಯಲ್ಲಿ ಉಳಿದದ್ದು ಮೂವತ್ತು ದಿನ. ಪ್ರಯೋಗಾಲಯದಲ್ಲಿ ನಾನೇ ಟೇಪು ಬಿಚ್ಚಿದೆ. ಸರ್ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಎರಡು ದಿಕ್ಕಿನ ಎಣಿಕೆಗಳ ನಡುವೆ ವ್ಯತ್ಯಾಸವೆನ್ನುವಂಥದ್ದು ಇರಲಿಲ್ಲ. ಇದ್ದಷ್ಟು ಸುಮ್ಮನೆ ಆಗುವ ಏರಿಳಿತವೇ ಆಗಿರಬಹುದಿತ್ತು.

ಒಂದು ಪುಟದ ವರದಿ ಬರೆದೆ. ಅದರಲ್ಲಿ ಎರಡು ವಾಕ್ಯ ಮುಖ್ಯ. ಮೊದಲನೆಯದು: ಒಂದು ಕೋಣೆಗಿಂತ ದೊಡ್ಡ ಟೊಳ್ಳು ಇದ್ದಿದ್ದರೆ ನಮಗೆ ಬಹುಮಟ್ಟಿಗೆ ಕಾಣುತ್ತಿತ್ತು, ಕಾಣಲಿಲ್ಲ. ಎರಡನೆಯದು: ಅದಕ್ಕಿಂತ ಸಣ್ಣದು ಇದೆಯೋ ಇಲ್ಲವೋ ಎಂಬ ಬಗ್ಗೆ ಈ ಪ್ರಯೋಗ ಏನನ್ನೂ ಹೇಳಲಾರದು.

ಅದನ್ನು ತಿಳಿಸಲು ಇಬ್ಬರೂ ಹೋದೆವು. ಹೋಟೆಲಿನ ಊಟದ ಹೊತ್ತು ಮುಗಿದಿತ್ತು. ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ಬೆಂಚಿನ ಮೇಲೆ ಕೂತರು, ತಂಗಿ ಒಳಬಾಗಿಲಿಗೆ ಒರಗಿ ನಿಂತರು.

"ದೊಡ್ಡದೆಂತ ಕಾಣ್ಲಿಲ್ಲೆ ಅಕ್ಕ," ಎಂದರು ಸರ್.

ಅಕ್ಕ ಒಂದು ಕ್ಷಣ ಅವರ ಮುಖವನ್ನೇ ನೋಡಿದರು. ಆಮೇಲೆ ಎರಡೂ ಕೈ ಎತ್ತಿ ಆನೆಗುಡ್ಡೆ ದೇವಸ್ಥಾನದ ದಿಕ್ಕಿಗೆ ಮುಗಿದರು. "ಅಯ್ಯಬ್ಯಾ! ಒಂದ್ ವರ್ಷ ಆಯ್ತ್ ಸರ್, ಸಮಾ ನಿದ್ರಿ ಮಾಡ್ದೆ. ಮಳಿ ಬಪ್ಪತಿಗೆ ಎಲ್ಲಿಗ್ ಹೋಪ್ದ್ ಅಂದೇಳಿ ತಲಿ ಕೆಟ್ಟ್ ಹೋಯಿತ್ತ್." ತಂಗಿಯ ಕಡೆ ತಿರುಗಿ, "ಕೇಂಡ್ಯಾ? ಎಂತ ಇಲ್ಲೆ ಅಂಬ್ರ್. ಇವ್ರಿಗೆ ಪಾಯ್ಸ ಬಡ್ಸ್," ಎಂದರು.

'ಕಾಣಲಿಲ್ಲ' ಎಂಬುದು 'ಇಲ್ಲ' ಆದದ್ದು ನನ್ನ ಕಣ್ಣೆದುರೇ. ನಾನು ಬಾಯಿ ತೆರೆದೆ. ಎರಡನೆಯ ವಾಕ್ಯ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅಷ್ಟರಲ್ಲಿ ತಂಗಿ ಪಾಯಸದ ಬಟ್ಟಲು ತಂದು ಎದುರಿಗಿಟ್ಟರು. ಅವರ ಮುಖದಲ್ಲಿ ನಾನು ಅದುವರೆಗೆ ಕಾಣದ ನಗುವಿತ್ತು. ವರದಿಯ ಪ್ರತಿಯನ್ನು ಮೇಜಿನ ಮೇಲಿಟ್ಟು, "ಇದ್ರೊಳ್ಗೆ ಎಲ್ಲ ಬರ್ದಿದ್ದೆ ಅಕ್ಕ, ಓದಿ," ಎಂದಷ್ಟೇ ಹೇಳಿದೆ. ಕಾಲೇಜಿಗೆ ಸಲ್ಲಿಸಲೆಂದು ಅದನ್ನು ಇಂಗ್ಲಿಷಿನಲ್ಲಿ ಬರೆದಿದ್ದೆ.

ಬಸ್ಸಿನಲ್ಲಿ ಸರ್ ಹರುಷದಿಂದಿದ್ದರು. ಮರವಂತೆಯಲ್ಲಿ ಕಡಲು ಕಾಣುವ ಹೊತ್ತಿಗೆ ಈ ಪ್ರಯೋಗವನ್ನು ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಹೇಗೆ ಕಲಿಸಬೇಕೆಂದು ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಇಳಿದು ಹಿಂದಿರುಗಿ ಹೇಳಿ ಬರಬಹುದಿತ್ತು. ಮರುದಿನ ಫೋನು ಮಾಡಬಹುದಿತ್ತು. ಕಾಲೇಜು ಶುರುವಾಯಿತು, ಅಡ್ಮಿಷನ್ ಗಲಾಟೆ ಬಂತು. ನಾನು ಮರೆತೆನೆಂದಲ್ಲ, ಮುಂದೂಡಿದೆ.

ಜುಲೈ ತಿಂಗಳ ಒಂದು ಬೆಳಿಗ್ಗೆ, ತರಗತಿಯಿಂದ ಹೊರಬಂದಾಗ ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಫೋಟೋ ಕಂಡಿತು. ಅರ್ಧ ಅಡುಗೆಮನೆ, ಅದರಾಚೆ ಕೆಂಪು ಬಾಯಿ. ಹೆಂಚುಗಳೆಲ್ಲ ಒಳಕ್ಕೆ ಸುರಿದಿದ್ದವು. ಆ ಗೋಡೆಯ ನೀಲಿ ಬಣ್ಣವನ್ನು ನೋಡಿದೊಡನೆ ಯಾವ ಮನೆಯೆಂದು ತಿಳಿಯಿತು.

ನಾನೂ ಸರ್ರೂ ತಲುಪುವಾಗ ಮಳೆ ಸುರಿಯುತ್ತಿತ್ತು. ತಂಗಿ ಬೆಳಗಿನ ಚಹಾಕ್ಕೆ ನೀರಿಡಲು ಹೋದಾಗ ಒಲೆಯ ಪಕ್ಕದ ನೆಲ ಇಳಿದಿತ್ತು. ಅಕ್ಕಪಕ್ಕದವರು ಹಗ್ಗ ಕಟ್ಟಿ, ಮಣ್ಣು ಬಗೆದು ಅವರನ್ನು ಎತ್ತಿದ್ದರು. ಜೀವ ಇತ್ತು. ಎಡಗಾಲಿನ ಮೇಲೆ ಒಲೆಕಟ್ಟೆಯ ಕಲ್ಲು ಬಿದ್ದಿತ್ತು. ಅವರನ್ನು ಆಗಲೇ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದರು. ಮೂರನೆಯ ದಿನ ಆ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಸರ್ ಕೊಡೆ ಮಡಚಿ ಹಿಡಿದುಕೊಂಡೇ ಹೊಂಡದ ಅಂಚಿನಲ್ಲಿ ನಿಂತಿದ್ದರು. ನೆಂದು ತೊಪ್ಪೆಯಾಗಿದ್ದರು. ಹೊಂಡ ಒಂದು ಮಾರು ಅಗಲವಿತ್ತು, ಅಷ್ಟೇ. ಕೆಳಗೆ ನೀರು ಹರಿಯುವ ಸದ್ದು ಕೇಳುತ್ತಿತ್ತು.

"ಕೋಣಿಗಿಂತ ಸಣ್ದೇ," ಎಂದರು. ಯಾರಿಗೆ ಹೇಳಿದರೋ.

"ನಾನ್ ಹೇಳ್ಕಿತ್ತ್ ಸರ್. ಅವತ್ತೇ ಹೇಳ್ಕಿತ್ತ್."

"ಹೇಳ್ದವ ನಾನಲ್ದಾ," ಎಂದರು.

ಆ ವರ್ಷವೆಲ್ಲ ಅವರು ಪಾಠ ಮಾಡಿದರು, ಪ್ರಯೋಗಾಲಯಕ್ಕೆ ಹೋಗಲಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡರೆ ಊಟವಾಯಿತೇ ಎಂದು ಕೇಳುವರು, ಅಷ್ಟೇ. ಮಾರ್ಚಿನಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಮಾತಾಡಿದವರೊಬ್ಬರು ಅವರ 'ಆಕಾಶದ ಕಣಗಳ ಪ್ರಯೋಗ'ವನ್ನು ಹೊಗಳಿದರು. ಸರ್ ಎದ್ದು ಹೊರಗೆ ಹೋದರು. ಸನ್ಮಾನದ ಶಾಲನ್ನು ಅವರ ಹೆಂಡತಿಯೇ ತೆಗೆದುಕೊಂಡರು.

ನಾನು ಬ್ರಹ್ಮಾವರಕ್ಕೆ ಹೋಗಲು ಅದಾದ ಮೇಲೂ ಎರಡು ತಿಂಗಳು ಹಿಡಿಯಿತು. ಅಕ್ಕತಂಗಿ ಅಲ್ಲಿ ಸಂಬಂಧಿಕರೊಬ್ಬರ ಮನೆಯ ಮಹಡಿಯ ಕೆಳಗೆ ಎರಡು ಕೋಣೆಗಳಲ್ಲಿದ್ದರು. ಹೋಟೆಲು ಮುಚ್ಚಿತ್ತು. ಅಕ್ಕ ಒಂದು ಶಾಲೆಯ ಅಡುಗೆಗೆ ಹೋಗುತ್ತಿದ್ದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು. ಒಳಗೆ ಕರೆಯುವುದೋ ಬೇಡವೋ ಎಂದು ಯೋಚಿಸಿದ್ದು ಸ್ಪಷ್ಟವಾಗಿ ಕಂಡಿತು. ಕೊನೆಗೆ, "ಬನಿ, ಕೂಕಣಿ," ಎಂದರು.

ತಂಗಿ ಮಂಚದ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದರು.

"ನಿಮ್ ಮಿಷನ್ ಸುಳ್ಳ್ ಹೇಳ್ತಾ?" ಎಂದು ಅಕ್ಕ ಕೇಳಿದರು. ಸಿಟ್ಟಿನ ದನಿಯಾಗಿರಲಿಲ್ಲ ಅದು. ನಿಜಕ್ಕೂ ತಿಳಿಯಬೇಕಾಗಿತ್ತು ಅವರಿಗೆ.

"ಮಿಷನ್ ಸುಳ್ಳ್ ಹೇಳ್ಲಿಲ್ಲೆ ಅಕ್ಕ. ಸಣ್ಣ ಹೊಂಡ ಅದ್ಕೆ ಕಾಣ್ತಿರ್ಲಿಲ್ಲೆ. ಅದ್ ನಂಗೆ ಗೊತ್ತಿತ್ತ್. ನಿಮ್ಗೆ ಬಾಯಿ ಬಿಟ್ಟ್ ಹೇಳ್ಲಿಲ್ಲೆ. ತಪ್ಪ್ ನಂದ್. ಸರ್‌ದಲ್ಲ."

ತಂಗಿ ಕಟ್ಟುವುದನ್ನು ನಿಲ್ಲಿಸಿ ತಲೆಯೆತ್ತಿದರು.

"ನಾ ಬಿದ್ದಷ್ಟ್ ಸಣ್ಣ ಹೊಂಡ ಕಾಣ್ಕಾರೆ ಎಷ್ಟ್ ದಿನ ಬೇಕಿತ್ತ್?"

ಆ ಲೆಕ್ಕ ನಾನು ಮಾಡಿಟ್ಟಿದ್ದೆ. ಮಳೆಗಾಲದುದ್ದಕ್ಕೂ ಬೇರೇನೂ ಮಾಡಿರಲಿಲ್ಲವೆಂದರೂ ಸರಿ. "ಒಂಬತ್ತ್ ಪಟ್ಟ್. ಮುಕ್ಕಾಲ್ ವರ್ಷ."

"ಮುಕ್ಕಾಲ್ ವರ್ಷ," ಎಂದರು ಅವರು. ದಾರ ಬೆರಳಿಗೆ ಸುತ್ತಿಕೊಂಡೇ ಇತ್ತು. "ಒಂದ್ ಮಳಿಗಾಲ ಇಲ್ಲ್ ಬಂದ್ ಇಪ್ಪುಕೆ ಆತಿತ್ತ್. ಈಗಳ್ ಇಪ್ದಿಲ್ಯಾ? ಮಳಿ ಹೋದ್ ಮೇಲೆ ನಿಮ್ ಹಲ್ಗಿ ಮತ್ತೆ ಇಟ್ಕಂಡ್ ಎಣ್ಸ್‌ಲಕ್ಕಿತ್ತ್. ನಾವ್ ಕಾಯ್ತಿತ್. ನಮ್ಮನ್ ಯಾರೂ ಕೇಣ್ಲಿಲ್ಲೆ ಅಲ್ದಾ."

ಅಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಮತ್ತೆ ತಲೆ ಬಗ್ಗಿಸಿ ಹೂವು ಕಟ್ಟತೊಡಗಿದರು. ಅಕ್ಕ ಚಹಾ ತಂದುಕೊಟ್ಟರು. ಕುಡಿದೆ. ಹೊರಡುವಾಗ ಯಾರೂ ಮತ್ತೆ ಬನ್ನಿ ಎನ್ನಲಿಲ್ಲ.

ಆ ಮಾತನ್ನು ಸರ್‌ಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ತೊಳಲಾಡಿದೆ. ಒಂದು ಭಾನುವಾರ ಕುಂಭಾಶಿಗೆ ಹೋಗಿ ಹೇಳಿದೆ. ಜಗಲಿಯಲ್ಲಿ ಕೂತು ಪೂರ್ತಿ ಕೇಳಿಸಿಕೊಂಡರು.

"ಗಣಿಯೊಳ್ಗೆ ನಾವ್ ಕಣ ಹುಡ್ಕುದ್," ಎಂದರು. "ಸಿಕ್ದಿರೆ ಇನ್ನೊಬ್ರ್ ಹುಡುಕ್ತ್ರ್. ಯಾರ್ ಕಾಲೂ ಹೋತಿಲ್ಲೆ. ಆ ಲೆಕ್ಕ ತಕಂಡ್ ಬಂದ್ ಮನಿ ಅಡಿಗೆ ಇಟ್ಟೆ ನಾನ್."

ಸರ್ ಈಗಲೂ ಅಲ್ಲೇ ಇದ್ದಾರೆ. ನಾನು ಹೋದರೆ ಬೇರೆ ಮಾತಾಡುತ್ತಾರೆ.

ಹಲಗೆಗಳು ಕಾಲೇಜಿನಲ್ಲೇ ಉಳಿದಿವೆ. ಹೋದ ಡಿಸೆಂಬರಿನಲ್ಲಿ ಗುಲ್ವಾಡಿಯಿಂದ ಒಬ್ಬರು ಹುಡುಕಿಕೊಂಡು ಬಂದರು. ಹೊಳೆಯ ದಂಡೆಯ ಮೇಲಿನ ಮನೆಯಂತೆ, ಅಂಗಳದಲ್ಲಿ ಬಿರುಕು ಬಿಟ್ಟಿದೆಯಂತೆ. ಮಿಷನ್ ಇಟ್ಟು ನೋಡಿಕೊಡಬಹುದೇ ಎಂದರು. ಅವರನ್ನು ಕೂರಿಸಿ ಕೇಳಿದೆ: ಮನೆಯಲ್ಲಿ ಯಾರೆಲ್ಲ ಇದ್ದಾರೆ, ಯಾರು ಎಲ್ಲಿ ಮಲಗುತ್ತಾರೆ, ಎಷ್ಟು ಸಣ್ಣ ಹೊಂಡ ಬಿದ್ದರೂ ಅವರಿಗೆ ಅಪಾಯ? ಅವರು ಯೋಚಿಸಿ ಕೈಯಗಲಿಸಿ ತೋರಿಸಿದರು. ಎರಡು ತೋಳಿನಷ್ಟು. ಅವರೆದುರೇ ಲೆಕ್ಕ ಹಾಕಿದೆ. ಎರಡು ಬೇಸಿಗೆ ಬೇಕಾಗುತ್ತದೆ, ಅಲ್ಲಿಯವರೆಗೆ ಮಳೆಗಾಲದಲ್ಲಿ ಬೇರೆ ಕಡೆ ಇರಬೇಕಾಗುತ್ತದೆ, ಅಷ್ಟು ಮಾಡಿಯೂ ಖಚಿತ ಎಂದು ಹೇಳಲಾರೆ ಎಂದೆ. ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದು, ಓದಿ ಹೇಳಿ, ಅವರ ಕೈಯಲ್ಲಿಟ್ಟೆ.

"ಅಷ್ಟ್ ಸಮಯ ಎಲ್ಲಿತ್ತ್ ಟೀಚರೆ ನಮ್ಗೆ," ಎಂದು ಅವರು ಎದ್ದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೋದರು.

ಫೋನ್ ನಂಬರು ತೆಗೆದುಕೊಂಡಿದ್ದೆ. ಮಳೆ ಹಿಡಿಯುವ ಮೊದಲು ಎರಡು ಸಲ ಮಾಡಿದೆ. ಎತ್ತಲಿಲ್ಲ.